ತುಟಿ ಕೂಡುವ ಜಾಗ

“ಈಳಿಗಿಯಿಂದ ಆದದ್ದಕ್ಕ ಮತ್ತ ಕತ್ತರಿ ಹಚ್ಚಸ್ತಿಯೇನ?” ಎಂದು ಚನ್ನವ್ವ ಸೀಳುತುಟಿಯ ಮೊಮ್ಮಗಳನ್ನು ಎದೆಗವಚಿಕೊಂಡು ಬಾಗಿಲಿಗೆ ಅಡ್ಡ ನಿಂತಳು. ಸಾಂಗ್ಲಿಯ ದವಾಖಾನೆಯಲ್ಲಿ ತುಟಿಯ ಆಪರೇಶನ್ನಿಗೆ ಬರಹೇಳಿದ್ದ ದಿನ ಅದು. ಹೊರಗೆ ಜೀಪು ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು.

ಸೊಸೆ ಪ್ರಾಜಕ್ತಾಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಗ್ರಹಣದಲ್ಲಿ ಬಸುರಿ ಸೊಸೆ ಈಳಿಗೆಯಲ್ಲಿ ಬದನೆಕಾಯಿ ಹೆಚ್ಚಿದಳು, ಅದಕ್ಕೇ ಕೂಸಿನ ತುಟಿ ಸೀಳಿತು ಎಂದು ಅತ್ತೆ ದರಿಬಡಚಿ ಊರಿನ ಓಣಿಗೆಲ್ಲ ಸಾರಿದ್ದಳು. ಕೂಸನ್ನು ನೋಡಲು ಬಂದವರೆಲ್ಲ ಚಹಾ ಕುಡಿದು, ಬದನೆಕಾಯಿಯ ಸುದ್ದಿಯನ್ನೇ ಕೇಳಿ ಹೋಗುತ್ತಿದ್ದರು.

“ಅತ್ತೀ, ಎಷ್ಟ ಸಲ ಹೇಳ್ಲಿ? ಗ್ರಹಣ ಹಿಡದಾಗ ನನಗ ಏಳನೇ ತಿಂಗಳಿತ್ತು. ತುಟಿ ಕೂಡೂದು ಎರಡನೇ ತಿಂಗಳದಾಗ. ಆ ಕೆನ್ನಿ ಕಡಿಂದ, ಈ ಕೆನ್ನಿ ಕಡಿಂದ ಜೀವಕೋಶ ಗುಂಪುಗುಂಪಾಗಿ ಸರಕೊಂತ ಬಂದು ಮೂಗಿನ ಕೆಳಗ ಕೂಡ್ತಾವ್ರಿ. ನಿಮ್ಮ ಕುರಿಹಿಂಡು ಹಳ್ಳದ ಎರಡೂ ದಂಡಿಯಿಂದ ಇಳದು ನಡುವ ಕೂಡೂದಿಲ್ಲೇನ್ರಿ, ಹಂಗ. ಇಕಿಯವು ಕೂಡಲಿಲ್ಲ, ಜಾಗ ಉಳೀತು. ಯಾರೂ ಕೊಯ್ದಿಲ್ರಿ!”

ಚನ್ನವ್ವ ಸೆರಗು ಸರಿಸಿ ಕೂಸಿನ ತುಟಿಯನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಮೆಲ್ಲಗೆ ಕಿರುಬೆರಳಾಡಿಸಿದಳು.

“ಹಿಂಡ ಕೂಡಲಿಲ್ಲಂದ್ರ ನಾವ ಹೋಗಿ ಕೂಡಸಬೇಕವ್ವ. ಹಂಗ ಬಿಟ್ಟ ಮನಿಗಿ ಬರ್ತಾರೇನ?” ಎಂದು ಸೊಸೆಯನ್ನೇ ಗದರಿಸಿ, ಕೂಸಿನೊಂದಿಗೆ ಹೋಗಿ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತಳು. “ಏನ ನೋಡ್ಕೊಂತ ನಿಂತಿ? ಲಗೂನ ಬಾ.”