ಎರಡು ಸಲ ಒತ್ತಿದರೆ

"ಗಂಟೆ ಒತ್ತಿ ಓಡಿಹೋಗ್ತವೆ, ಈ ಬೀದಿ ಹುಡುಗರು, ಕೋತಿಗಳು! ಹೋದ ವಾರವೂ ಅಷ್ಟೇ. ಹೊಲಿಗೆ ಮುಗಿಸಿ ಬಾಗಿಲು ತೆಗೆದ್ರೆ ನರಪಿಳ್ಳೆ ಇಲ್ಲ. ತಿರುವಿನಲ್ಲಿ ಯಾರದೋ ಕೊಡೆ ತುದಿ ಕಾಣಿಸ್ತು, ಅಷ್ಟೇ," ಎಂದು ದೊಡ್ಡಮ್ಮ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಗೊಣಗಿದಳು. ಮೇಜಿನ ಇನ್ನೊಂದು ತುದಿಯಲ್ಲಿ ತಂಗಿಯ ಮಗಳು ಗಂಟೆಯ ಪೆಟ್ಟಿಗೆಯನ್ನು ಬಿಚ್ಚಿ ಹರವಿಕೊಂಡಿದ್ದಳು. ಕಾಲೇಜಿನಲ್ಲಿ ಇದನ್ನೇ ಓದುವ ಹುಡುಗಿ. ರಜೆಗೆ ಬಂದವಳು ಸುಮ್ಮನೆ ಕೂರಲಾರದೆ, ರಿಪೇರಿ ಅಂಗಡಿಯವನಿಂದ ಅದರ ಪ್ರೋಗ್ರಾಮನ್ನೂ ತರಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದಳು.

ದೊಡ್ಡಮ್ಮನ ಕಿವಿ ಪೂರ್ತಿ ಹೋಗಿ ಬಹಳ ಕಾಲವಾಗಿತ್ತು. ಎದುರಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಿದ್ದಳು. ಬಾಗಿಲಲ್ಲಿ ಯಾರಾದರೂ ಗುಂಡಿ ಒತ್ತಿದರೆ ಯಂತ್ರದ ಮೇಲಿನ ಹಳದಿ ದೀಪ ಹತ್ತಬೇಕು. ಬೇಗಬೇಗ ಎರಡು ಸಲ ಒತ್ತಿದರೆ ನೀಲಿ. ಹಳದಿ ಎಂದರೆ ಗಿರಾಕಿ. ಗಿರಾಕಿಗೋಸ್ಕರ ಅರ್ಧ ಹೊಲಿಗೆಯಲ್ಲಿ ಏಳುವ ಹೆಂಗಸಲ್ಲ ಅವಳು. ಹಿಡಿದದ್ದು ಮುಗಿಯಬೇಕು, ಆಮೇಲೆ ಬಾಗಿಲು. ನೀಲಿ ಎಂದರೆ 'ಕತ್ತರಿ'. ಆಗ ಮಾತ್ರ ಸೂಜಿ ಎಲ್ಲಿತ್ತೋ ಅಲ್ಲೇ ಬಿಟ್ಟು ಓಟ.

ಕತ್ತರಿ ಅವಳ ಗೆಳತಿಯ ಅಡ್ಡಹೆಸರು. ಬಟ್ಟೆ ಕತ್ತರಿಸುವುದು ಅವಳು, ಹೊಲಿಯುವುದು ಇವಳು; ಅರ್ಧ ಆಯುಸ್ಸು ಹಾಗೇ ಕಳೆದಿತ್ತು. ಒಂದು ದಿನ ಅವಳು ಇಡೀ ಥಾನು ಬಟ್ಟೆಯನ್ನು ಅಳತೆಗಿಂತ ಗಿಡ್ಡವಾಗಿ ಕತ್ತರಿಸಿಬಿಟ್ಟಳು. "ಕಣ್ಣು ಎಲ್ಲಿ ಅಡವಿಟ್ಟಿದ್ದೆ?" ಎಂದು ಇವಳು ಗಿರಾಕಿಗಳ ಮುಂದೆಯೇ ಕೇಳಿದಳು. ಅವಳು ಕತ್ತರಿಯನ್ನು ಗೋಡೆಯ ಮೊಳೆಗೆ ತೂಗುಹಾಕಿ, ಬಿಸಿಲಿರಲಿ ಮೋಡವಿರಲಿ ಕೈಬಿಡದ ತನ್ನ ಕೊಡೆ ತೆಗೆದುಕೊಂಡು ಹೊರಟಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ? ಅವಳ ಮನೆ ಎರಡೇ ಬೀದಿಯಾಚೆ. 'ಹೋದವಳೇ ಬರಲಿ' ಎಂದವಳೂ ಇವಳೇ, 'ಬಂದೇ ಬರುತ್ತಾಳೆ' ಎಂದುಕೊಂಡವಳೂ ಇವಳೇ. ಮೊಳೆಯ ಮೇಲಿನ ಕತ್ತರಿಗೆ ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿದಳು. ನೀಲಿ ದೀಪದ ಧೂಳು ಒರೆಸಿದಳು. ದೀಪ ಮಾತ್ರ ಹತ್ತಲಿಲ್ಲ.

ಹುಡುಗಿ ಇದ್ದಕ್ಕಿದ್ದಂತೆ ನಗತೊಡಗಿದಳು. ದೊಡ್ಡಮ್ಮ ಅವಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಮುಖ ಈ ಕಡೆ ಇಟ್ಟು ನಗು. ನನಗೂ ಒಂದಿಷ್ಟು ಸಿಗಲಿ."

"ಇದನ್ನ ಯಾವ ಮಹಾನುಭಾವ ಬರೆದನೋ! ನೋಡು ದೊಡ್ಡಮ್ಮ, ಒಳಗೆ ಒಂದು ಪುಟ್ಟ ಮೈಕ್ರೋಕಂಟ್ರೋಲರ್ ಇದೆ. ಅದಕ್ಕೆ ಪ್ರಶ್ನೆ ಕೇಳೋದು ಬಿಟ್ಟು ಬೇರೇನೂ ಗೊತ್ತಿಲ್ಲ. ಹೀಗಿದ್ರೆ ಇದು ಮಾಡು, ಇಲ್ಲದಿದ್ರೆ ಮುಂದಿನ ಪ್ರಶ್ನೆ ಕೇಳು. ಇದು ಮೊದಲು ಕೇಳೋದು, 'ಒಂದು ಸಲನಾದ್ರೂ ಒತ್ತಿದ್ರಾ?' ಹೌದು ಅಂದ್ರೆ ಹಳದಿ, ಅಲ್ಲಿಗೆ ಕೆಲಸ ಮುಗೀತು. ಇಲ್ಲ ಅಂದ್ರೆ ಮಾತ್ರ ಕೇಳುತ್ತೆ, 'ಎರಡು ಸಲ ಒತ್ತಿದ್ರಾ?' ಆದ್ರೆ ಎರಡು ಸಲ ಒತ್ತಿದವರು ಒಂದು ಸಲ ಒತ್ತೇ ಇರ್ತಾರಲ್ಲ! ಮೊದಲ ಪ್ರಶ್ನೆಗೇ ಸಿಕ್ಕಿಹಾಕ್ಕೊಳ್ತಾರೆ. ಎರಡನೇದಕ್ಕೆ ಸರದಿ ಬರೋದೇ ಇಲ್ಲ."

"ಹೊಲಿದು ಆದ್ಮೇಲೆ ಅಳತೆ ತಗೊಂಡ ಹಾಗೆ," ಎಂದು ದೊಡ್ಡಮ್ಮನೂ ನಕ್ಕಳು.

"ಹೂಂ, ಅದೇ. ಮೊದಲು ಎರಡು ಸಲ ಒತ್ತಿದ್ರಾ ಅಂತ ಕೇಳ್ಬೇಕು, ಆಮೇಲೆ ಒಂದು. ಪ್ರಶ್ನೆಗಳನ್ನ ಹಿಂದುಮುಂದು ಮಾಡಿದ್ರೆ ಸಾಕು." ಹುಡುಗಿ ಸಾಲುಗಳನ್ನು ಅದಲುಬದಲು ಮಾಡಿ, ಪೆಟ್ಟಿಗೆ ಮುಚ್ಚಿ, ಗೋಡೆಗೆ ಕೂರಿಸಿದಳು. "ಹೊರಗೆ ಹೋಗಿ ಒತ್ತಿ ನೋಡ್ತೀನಿ. ನೀನು ಕೂತಿರು."

ದೊಡ್ಡಮ್ಮ ಕೂತಳು. ತೋಳಿನ ಹೊಲಿಗೆ ಅರ್ಧಕ್ಕೆ ಬಂದಿತ್ತು. ಒತ್ತುವುದು ಹುಡುಗಿ, ನೋಡುವುದು ಪರೀಕ್ಷೆಗೆ, ಎಲ್ಲ ಗೊತ್ತಿತ್ತು. ಆದರೂ ಗೋಡೆಯ ಮೇಲೆ ಅಷ್ಟು ದಿನದ ಮೇಲೆ ನೀಲಿ ಬೆಳಕು ಬಿದ್ದಾಗ ಕಾಲುಗಳು ಅವಳ ಅಪ್ಪಣೆಗೆ ಕಾಯಲಿಲ್ಲ. ಕೂದಲು ನೇವರಿಸಿಕೊಳ್ಳುತ್ತಾ ಓಡಿ ಬಾಗಿಲು ತೆರೆದಳು. ಹೊಸ್ತಿಲಾಚೆ ಹುಡುಗಿ ಹಲ್ಲು ಕಿರಿಯುತ್ತಾ ನಿಂತಿದ್ದಳು.

"ಹತ್ತಿತಾ?"

ದೊಡ್ಡಮ್ಮ ಅವಳ ಭುಜದಾಚೆ ಖಾಲಿ ಬೀದಿಯನ್ನು ನೋಡಿದಳು. "ಹಳೇ ಪೆಟ್ಟಿಗೆ ಕೆಟ್ಟು, ಅಂಗಡಿಯವನು ಈ ಹೊಸದು ಹಾಕಿದ ದಿನ ಒಂದೇ ಸಲ ಒತ್ತಿ ನೋಡಿದ," ಎಂದಳು ಮೆಲ್ಲಗೆ. "ಹಳದಿ ಹತ್ತಿತು, ಜಮ್ ಅಂತ ಇದೆ ಅಮ್ಮಾ ಅಂದು ಹೋದ. ಜಗಳ ಆದ ವಾರವೇ ಅದು. ಹಾಗಾದ್ರೆ ಅವತ್ತಿಂದ ಎರಡು ಸಲ ಒತ್ತಿದವರಿಗೂ..."

"ಹಳದಿನೇ."

ಕೋತಿಗಳು ಕೊಡೆ ಹಿಡಿಯುವುದಿಲ್ಲ. ನೀಲಿ ಎಂದರೆ ಓಡಿಬರುವವಳು ಓಡಿಬರಲಿಲ್ಲವೆಂದು, ಈ ಹೊಸ್ತಿಲಲ್ಲಿ ಒಂದು ಜೀವ ಎಷ್ಟು ಹೊತ್ತು ನಿಂತು ತಿರುಗಿರಬಹುದು? ಒಳಗೆ ತಾನು ತೋಳನ್ನೋ ಅಂಚನ್ನೋ ಮುಗಿಸುತ್ತಿದ್ದಳು.

ದೊಡ್ಡಮ್ಮ ಒಳಹೋಗಿ ಮೊಳೆಯಿಂದ ಕತ್ತರಿ ತೆಗೆದು, ಒಂದು ತುಂಡು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ಚಪ್ಪಲಿ ಮೆಟ್ಟಿದಳು. ಯಂತ್ರದಲ್ಲಿ ಸೂಜಿ ಅರ್ಧ ತೋಳಿನೊಳಗೇ ನಾಟಿಕೊಂಡಿತ್ತು.

"ದೀಪದ ಮೇಲೆ ಕಣ್ಣಿಟ್ಟಿರು. ನಾನು ಈ ದಾರೀಲಿ ಹೋಗಿ, ಅವಳು ಆ ದಾರೀಲಿ ಬಂದುಬಿಟ್ರೆ? ನೀಲಿ ಹತ್ತಿದ್ರೆ ಓಡಿಹೋಗಿ ಬಾಗಿಲು ತೆಗಿ."

"ಹಳದಿ ಹತ್ತಿದ್ರೆ?"

ಮೆಟ್ಟಿಲಿಳಿಯುತ್ತಿದ್ದ ದೊಡ್ಡಮ್ಮ ತಿರುಗಿ ಅವಳ ತುಟಿಯನ್ನು ಓದಿದಳು.

"ಹಳದಿ ಹತ್ತಿದ್ರೂ ಓಡು."