ಎರಡು ಚಿತ್ರಗಳ ನಡುವೆ

"ನೋಡು, ನೀನೇ ತಳ್ಳಿರೋದು!" ಎಂದು ಶಿಶುವಿಹಾರದ ಮ್ಯಾನೇಜರ್ ಸಿಸಿಟಿವಿ ಪರದೆಗೆ ಬೆರಳು ಕುಟ್ಟಿದ. ಒಂದು ಚಿತ್ರದಲ್ಲಿ ಮಗು ಮೇಜಿನ ಮೇಲಿತ್ತು, ಆಯಾಳ ಕೈ ಅದರತ್ತ ಚಾಚಿತ್ತು. ಮರುಚಿತ್ರದಲ್ಲಿ ಮಗು ನೆಲದ ಮೇಲಿತ್ತು. ಹಣೆಗೆ ಪಟ್ಟಿ ಕಟ್ಟಿದ ಮಗುವನ್ನು ಎದೆಗವಚಿಕೊಂಡು ಅದರ ತಾಯಿ, "ಪಾಪಿ, ನಿನ್ನ ನಂಬಿ ಬಿಟ್ಟು ಹೋಗ್ತಿದ್ನಲ್ಲೇ!" ಎಂದಳು.

ಆಯಾಳಿಗೆ ಮೈಯೆಲ್ಲ ಉರಿದುಹೋಯಿತು. ಬೀಳುತ್ತಿದ್ದ ಮಗುವನ್ನು ಹಿಡಿಯಲು ಓಡಿದವಳು ಅವಳು. "ಸಾರ್, ಇದರಲ್ಲಿ ನಾನ್ಯಾಕೆ ಕಪ್ಪೆ ಥರ ನೆಗೀತಿದೀನಿ?"

"ಡಿಸ್ಕ್ ತುಂಬತ್ತೆ ಅಂತ ಸೆಕೆಂಡಿಗೊಂದೇ ಚಿತ್ರ ಇಟ್ಟಿದೀವಿ. ಅದಕ್ಕೇನೀಗ?"

"ಎರಡು ಚಿತ್ರದ ನಡುವೆ ಏನಾಯ್ತು?"

"ನಡುವೆ ಏನಿರತ್ತೆ? ತಳ್ಳಿದ್ದು ಕಣ್ಣಿಗೆ ಕಾಣ್ತಾ ಇದೆಯಲ್ಲ! ನಾಳೆಯಿಂದ ಬರಬೇಡ. ಬೇರೆ ಎಲ್ಲೂ ಕೆಲಸ ಸಿಗದ ಹಾಗೆ ಮಾಡ್ತೀನಿ."

ಆಯಾ ತಲೆಯೆತ್ತಿ ಆಫೀಸಿನ ಮೂಲೆಯಲ್ಲಿದ್ದ ಕ್ಯಾಮೆರಾ ನೋಡಿದಳು. ಮರುಗಳಿಗೆ ಮ್ಯಾನೇಜರನ ಕೆನ್ನೆಗೆ ಫಟಾರನೆ ಒಂದು ಬಿತ್ತು. ಹೊಡೆದ ಕೈ ಹೊಡೆದಷ್ಟೇ ಬೇಗ ಕೆಳಗಿಳಿದಿತ್ತು.

"ಪೊಲೀಸರನ್ನ ಕರೀತೀನಿ! ಎಲ್ಲಾ ರೆಕಾರ್ಡ್ ಆಗಿದೆ!" ಎಂದು ಅರಚುತ್ತ ಅವನು ಅದನ್ನೇ ಪರದೆಗೆ ಹಾಕಿದ. ಮೊದಲ ಚಿತ್ರದಲ್ಲಿ ಆಯಾ ಕೈ ಇಳಿಬಿಟ್ಟು ನಿಂತಿದ್ದಳು. ಮರುಚಿತ್ರದಲ್ಲೂ ಹಾಗೇ ನಿಂತಿದ್ದಳು. ಮ್ಯಾನೇಜರ್ ಮಾತ್ರ ಕೆನ್ನೆ ಹಿಡಿದುಕೊಂಡಿದ್ದ.

"ಹಲ್ಲುನೋವಾ ಸಾರ್?" ಎಂದಳು ಆಯಾ.

ತಾಯಿ ಪರದೆಯನ್ನು ನೋಡಿದಳು, ಅವನ ಕೆಂಪು ಕೆನ್ನೆಯನ್ನು ನೋಡಿದಳು. ಆಮೇಲೆ ಆಯಾಳ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದಳು: "ಆಯಮ್ಮ, ಆವತ್ತು ನಡುವೆ ಏನಾಯ್ತು?"