ಹೊಸ್ತಿಲ ಮೇಲಿನ ಮಾತು

ತೊಡೆ ತಟ್ಟಿಕೊಂಡು ಆರ್ವಿಡ್ "ಸರಿ ಹಾಗಾದ್ರೆ..." ಅಂದು ಎದ್ದು ಆಗಲೇ ಬಹಳ ಹೊತ್ತಾಗಿತ್ತು. ಅಮೆರಿಕದ ಮಿನಿಯಾಪೊಲಿಸ್ ಕಡೆ, ಹೊರಡುತ್ತೇನೆ ಅನ್ನುವುದನ್ನು ಅದಕ್ಕಿಂತ ಬಿಡಿಸಿ ಹೇಳಿದರೆ ಜಗಳಕ್ಕೆ ನಿಂತ ಹಾಗೆ. ಈಗ ಅವನು ದಪ್ಪ ಕೋಟು ತೊಟ್ಟು, ಹಿಮದ ಬೂಟು ಬಿಗಿದುಕೊಂಡು ಬಾಗಿಲ ಬಳಿ ಬೆವರುತ್ತಿದ್ದ.

ಮೂರು ಗಂಟೆಗೆ ಮೊಮ್ಮಗಳು ಸಿಗ್ನೆಯ ಹಾಡು, ಶಾಲೆಯಲ್ಲಿ. ಮೊದಲ ಸಲ, ಒಬ್ಬಳೇ. "ತಾತಾ, ನೀನು ಮುಂದೇನೇ ಕೂತಿರ್ಬೇಕು. ಇಲ್ಲಾಂದ್ರೆ ನಂಗೆ ದನೀನೇ ಬರಲ್ಲ" ಅಂದಿದ್ದಳು.

ಆದರೆ ಡ್ವೇನ್, ಮಾರ್ಲಿಸ್ ಬಿಡಬೇಕಲ್ಲ! ಗಂಡ ಹೆಂಡತಿ ಇಬ್ಬರೂ ಆರ್ವಿಡ್ ಜೊತೆ ಒಂದೇ ಹಿಟ್ಟಿನ ಗಿರಣಿಯಲ್ಲಿ ದುಡಿದವರು. ಎಷ್ಟೋ ವರ್ಷದ ಮೇಲೆ ಭೇಟಿ. ಅದೂ ಎರಡೇ ದಿನದ ಪ್ರವಾಸ. ಅದರಲ್ಲೇ ಬಿಡುವು ಮಾಡಿಕೊಂಡದ್ದು.

ಡ್ವೇನ್ ಬರೀ ಕಾಲುಚೀಲದಲ್ಲಿ ಗೋಡೆಗೆ ಒರಗಿ ನಿಂತಿದ್ದ. "ನಮ್ಮ ಮೇಸ್ತ್ರಿ, ಹಲ್ಲಿನ ಸೆಟ್ಟು ಕೆರೆಗೆ ಬೀಳಿಸ್ಕೊಂಡ್ನಲ್ಲೋ!"

"ಈಗ ತಾನೇ ಹೇಳ್ದೆ ಮಾರಾಯ."

"ಪೂರ್ತಿ ಎಲ್ಲಿ ಹೇಳ್ದೆ? ಕೇಳು."

ಅಡುಗೆಮನೆಯಲ್ಲಿ ಮಾರ್ಲಿಸ್ ಒಂದೊಂದೇ ಡ್ರಾಯರು ಎಳೆದು ನೋಡುತ್ತಿದ್ದಳು. "ಹಾಳಾದ್ ಚಮಚ ಎಲ್ಲಿದ್ಯೋ! ಆರ್ವಿಡ್, ಇನ್ನೊಂದ್ ಲೋಟ ಕಾಫಿ ಉಳಿದಿದೆ, ಚೆಲ್ಲೋದ್ಯಾಕೆ?"

"ಸಿಗ್ನೆ ಕಾಯ್ತಿರ್ತಾಳೆ, ಮಾರ್ಲಿಸ್."

"ಅಯ್ಯೋ, ಹಾಗೆ ನಿಂತ ಕಾಲಲ್ಲಿ ಹೊರಟುಬಿಡೋಕಾಗತ್ತಾ? ಅದೇನ್ ಮರ್ಯಾದೆ?"

ಕಾಫಿ ಬಂತು. ಗುಟುಕರಿಸಿ ನಾಲಿಗೆ ಸುಟ್ಟುಕೊಂಡ. ಮನೆಯ ನಾಯಿ ಬಂದು ಅವನ ಬೂಟಿನ ಮೇಲೇ ಮಲಗಿತು. ಬಾಗಿಲು ತೆಗೆದು ನೋಡಿದ. ಹಿಮ ಒಳಗೆ ನುಗ್ಗಿತೇ ಹೊರತು ಮಾತು ನಿಲ್ಲಲಿಲ್ಲ.

"ಚಳಿ ಕಣೋ, ಹಾಕು ಬಾಗಿಲು!" ಅಂದ ಡ್ವೇನ್, ಸೊಂಟದ ಆಪರೇಷನ್ನಿನ ಕತೆ ಶುರುಮಾಡಿದ. "ಡಾಕ್ಟ್ರು ಇನ್ನೂ ಚಿಕ್ಕ ಹುಡುಗ. ನಾನಂದೆ, ಮಗಾ, ನಿಮ್ಮಮ್ಮಂಗೆ ಗೊತ್ತೇನೋ ನೀನಿಲ್ಲಿ ಚಾಕು ಹಿಡ್ಕೊಂಡಿರೋದು?"

ಮಾರ್ಲಿಸ್ ಬಿದ್ದು ಬಿದ್ದು ನಕ್ಕಳು. ಆರ್ವಿಡ್ ನಗಲಿಲ್ಲ. ಅವನ ಕಣ್ಣೆದುರು ಮುಂದಿನ ಸಾಲಿನ ಖಾಲಿ ಕುರ್ಚಿ, ಅದನ್ನೇ ಹುಡುಕುವ ಎರಡು ಕಣ್ಣು, ಬಾಯಿ ತೆರೆದು ಹಾಗೇ ನಿಂತ ಹುಡುಗಿ. ಹುಟ್ಟಿದಾರಭ್ಯ ಯಾರ ಜೊತೆಗೂ ಒರಟಾಗಿ ನಡೆದುಕೊಂಡವನಲ್ಲ ಅವನು. ಲೋಟ ಕೆಳಗಿಟ್ಟ. ನಾಯಿಯನ್ನು ಮೆಲ್ಲಗೆ ಸರಿಸಿದ. ಜೇಬಿಗೆ ಕೈಹಾಕಿ ಬೀಗದ ಕೈ ತೆಗೆದು ಡ್ವೇನನ ಅಂಗೈಗೆ ಒತ್ತಿದ.

"ನಾನು ಹೊರಟೆ. ನೀವಿಬ್ರೂ ಊರಿಗೆ ಯಾವಾಗ ಹೊರಡ್ತೀರೋ ಹೊರಡಿ. ನನ್ನ ಮನೆಗೆ ಬೀಗ ಹಾಕಿ, ಕೀ ಪಕ್ಕದ ಮನೇಲಿ ಕೊಟ್ಟೋಗಿ."